ಟ್ಯಾಂಕಿನೊಳಗಿನ ಮನುಷ್ಯರು

ಗಣರಾಜ್ಯೋತ್ಸವದ ದಿನ ದೆಹಲಿಯಲ್ಲಿ ನಡೆಯುವ ಸೈನ್ಯದ ಮೆರವಣಿಗೆಯಲ್ಲಿ ಟ್ಯಾಂಕುಗಳು ಬಂದಾಗ, ನೋಡುವವರ ಕಣ್ಣು ಸಹಜವಾಗಿಯೇ ಅವುಗಳ ಉದ್ದನೆಯ ತೋಪಿನ ಮೇಲೆ ನಿಲ್ಲುತ್ತದೆ. ನಲವತ್ತು ಟನ್ನಿಗೂ ಮಿಗಿಲಾದ ಉಕ್ಕು, ನೆಲವನ್ನು ನಡುಗಿಸುವ ಸರಪಳಿ ಪಟ್ಟಿಗಳು, ಕಿವಿಗೆ ಅಪ್ಪಳಿಸುವ ಎಂಜಿನಿನ ಗರ್ಜನೆ, ಇವು ಯಾರನ್ನಾದರೂ ಬೆರಗುಗೊಳಿಸುವಂಥವೇ. ತಿರುಗುವ ಗೋಪುರದ ಮೇಲೆ ಎದೆಯ ಮಟ್ಟದವರೆಗೆ ಕಾಣಿಸಿಕೊಂಡು ವಂದನೆ ಸಲ್ಲಿಸುವ ಒಬ್ಬ ಯೋಧನನ್ನು ನಾವು ನೋಡುತ್ತೇವೆ. ಉಳಿದವರು ನಮಗೆ ಕಾಣುವುದಿಲ್ಲ. ಟ್ಯಾಂಕಿನ ಒಳಗೆ ಇನ್ನೂ ಇಬ್ಬರೋ ಮೂವರೋ ಇದ್ದಾರೆಂಬುದು, ಆ ಯಂತ್ರದ ಶಕ್ತಿಯೆಲ್ಲವೂ ಅವರ ನಡುವಣ ಹೊಂದಾಣಿಕೆಯನ್ನು ಅವಲಂಬಿಸಿದೆಯೆಂಬುದು ನಮ್ಮ ಮನಸ್ಸಿಗೆ ಬರುವುದು ಅಪರೂಪ.

ಟ್ಯಾಂಕನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಅದರ ತಂಡವನ್ನು ಎಲ್ಲಿ, ಹೇಗೆ ತಯಾರಿಸುತ್ತಾರೆ? ಈ ಪ್ರಶ್ನೆ ಸೈನಿಕರಿಗೆ ಮಾತ್ರ ಸಂಬಂಧಿಸಿದ್ದೆಂದು ನಾನು ತಿಳಿದಿಲ್ಲ. ಒಬ್ಬರ ಮುಖವನ್ನೊಬ್ಬರು ಕಾಣಲಾರದ ಕೆಲವರು, ಬರಿಯ ಮಾತಿನ ಬಲದಿಂದ ಒಂದೇ ಶರೀರದಂತೆ ವರ್ತಿಸುವುದನ್ನು ಕಲಿಯುವ ಬಗೆ ಇದು. ಭಾಷೆಯಲ್ಲಿ, ಮನುಷ್ಯಸಂಬಂಧದಲ್ಲಿ ಆಸಕ್ತಿಯುಳ್ಳ ಯಾರಾದರೂ ಒಂದು ಗಳಿಗೆ ನಿಂತು ನೋಡಬೇಕಾದ ವಿಷಯ.

ಮೊದಲು ಒಳಗಿನ ವ್ಯವಸ್ಥೆಯನ್ನು ನೋಡೋಣ. ನಾಲ್ವರು ಕೂರುವ ಟ್ಯಾಂಕಿನಲ್ಲಿ ಚಾಲಕನ ಸ್ಥಾನ ಮುಂಭಾಗದಲ್ಲಿ, ತಗ್ಗಿನಲ್ಲಿ. ಮೇಲಿನ ಮುಚ್ಚಳವನ್ನು ಹಾಕಿಕೊಂಡರೆ ಗಾಜಿನ ಪಟ್ಟಕವೊಂದರ ಮೂಲಕ ಕಾಣುವ ಕಿರಿದಾದ ನೆಲವಷ್ಟೇ ಅವನ ಪ್ರಪಂಚ. ಗೋಪುರದೊಳಗೆ ತೋಪಿನ ಒಂದು ಪಕ್ಕಕ್ಕೆ ಗನ್ನರ್, ಅಂದರೆ ಗುರಿಕಾರ. ದೂರದರ್ಶಕದ ವೃತ್ತದಲ್ಲಿ ಕಾಣುವುದನ್ನು ಬಿಟ್ಟರೆ ಅವನಿಗೆ ಬೇರೇನೂ ಕಾಣದು. ಇನ್ನೊಂದು ಪಕ್ಕಕ್ಕೆ ಗುಂಡು ತುಂಬುವ ಲೋಡರ್. ರೇಡಿಯೋ ನೋಡಿಕೊಳ್ಳುವವನೂ ಸಾಮಾನ್ಯವಾಗಿ ಅವನೇ. ಗುರಿಕಾರನ ಹಿಂದೆ, ಎತ್ತರದಲ್ಲಿ ಕಮಾಂಡರ್. ಸುತ್ತಲ ನೆಲವನ್ನು ಒಟ್ಟಾಗಿ ಕಾಣಬಲ್ಲವನು ಇವನೊಬ್ಬನೇ. ಆದರೆ ಅವನ ಕೈಗೆ ಚಾಲನೆಯ ಸನ್ನೆಗಳಿಲ್ಲ. ಕಾಣುವವನು ನಡೆಸುವುದಿಲ್ಲ, ನಡೆಸುವವನು ಹೊಡೆಯುವುದಿಲ್ಲ, ಹೊಡೆಯುವವನು ತುಂಬುವುದಿಲ್ಲ. ಕಣ್ಣು, ಕಾಲು, ಕೈಗಳನ್ನು ಬೇರೆ ಬೇರೆ ದೇಹಗಳಿಗೆ ಹಂಚಿಕೊಟ್ಟು, ಇನ್ನು ನಡೆ ಎಂದು ಹೇಳಿದಂತೆ.

ಈ ಸಮಸ್ಯೆ ಟ್ಯಾಂಕಿನಷ್ಟೇ ಹಳೆಯದು. ಒಂದನೆಯ ಮಹಾಯುದ್ಧದ ನಡುವೆ ಬ್ರಿಟಿಷರು ಈ ವಾಹನವನ್ನು ಗುಟ್ಟಾಗಿ ನಿರ್ಮಿಸಿದರು. ಗುಟ್ಟು ಹೊರಬೀಳದಿರಲೆಂದೇ ಅದನ್ನು ನೀರಿನ ತೊಟ್ಟಿಯೆಂಬರ್ಥದ ‘ಟ್ಯಾಂಕ್’ ಎಂಬ ಹೆಸರಿನಿಂದ ಕರೆದರು. ಆ ಹುಸಿ ಹೆಸರೇ ಲೋಕಕ್ಕೆಲ್ಲ ಉಳಿದುಕೊಂಡಿತು. ಇಂಗ್ಲೆಂಡಿನ ಸಫೋಕ್ ಪ್ರಾಂತದ ಎಲ್ವೆಡನ್ ಎಂಬಲ್ಲಿ, ಫ್ರಾನ್ಸಿನ ಕಂದಕಗಳನ್ನೇ ಹೋಲುವ ನೆಲವನ್ನು ಅಗೆದು ಸಿದ್ಧಪಡಿಸಿ ಮೊದಲ ತಂಡಗಳಿಗೆ ತರಬೇತಿ ಕೊಟ್ಟರು. ಟ್ಯಾಂಕಿನ ತೋಪು ಮೂಲತಃ ಹಡಗಿನ ತೋಪಾದ್ದರಿಂದ ಗುರಿಕಾರರು ಪೋರ್ಟ್ಸ್‌ಮತ್ತಿನ ನೌಕಾಪಡೆಯ ಶಾಲೆಗೆ ಹೋಗಿ ಹೊಡೆಯುವುದನ್ನು ಕಲಿಯಬೇಕಾಯಿತು. ಆ ಮೊದಲ ಮಾದರಿಯಲ್ಲಿ ಎಂಟು ಮಂದಿ. ಅದನ್ನು ತಿರುಗಿಸುವುದಕ್ಕೇ ನಾಲ್ವರು ಬೇಕಾಗಿದ್ದರು. ಎಂಜಿನ್ನು ಅವರ ನಡುವೆಯೇ, ಯಾವ ಮರೆಯೂ ಇಲ್ಲದೆ, ಉರಿಯನ್ನೂ ಹೊಗೆಯನ್ನೂ ಕಾರುತ್ತ ಕುಳಿತಿತ್ತು. ಕೂಗಿದರೂ ಕೇಳಿಸದ ಆ ಸದ್ದಿನಲ್ಲಿ ಚಾಲಕನು ಎಂಜಿನಿನ ಮುಚ್ಚಳವನ್ನು ಕುಟ್ಟಿ, ಕೈಸನ್ನೆ ಮಾಡಿ ಹಿಂದಿನವರಿಗೆ ತನ್ನ ಇಂಗಿತವನ್ನು ತಿಳಿಸುತ್ತಿದ್ದ. 1916ರ ಸೆಪ್ಟೆಂಬರ್ 15ರಂದು ಫ್ಲೆರ್ಸ್ ಬಳಿ ಟ್ಯಾಂಕುಗಳು ಮೊಟ್ಟಮೊದಲು ಯುದ್ಧಕ್ಕಿಳಿದಾಗ, ಸಿದ್ಧವಾಗಿದ್ದ 49ರಲ್ಲಿ ಹೊರಡಬೇಕಾದ ಸ್ಥಳಕ್ಕೆ ತಲುಪಿದವು 32 ಮಾತ್ರ. ಯಂತ್ರವೂ ಹೊಸದು, ಕಲಿಕೆಯೂ ಅವಸರದ್ದು.

ಟ್ಯಾಂಕಿನ ಕತೆಯ ಎರಡನೆಯ ಪಾಠ ದೊರೆತದ್ದು 1940ರ ಫ್ರಾನ್ಸಿನಲ್ಲಿ. ಫ್ರೆಂಚರ ಸೊಮುವಾ ಮತ್ತು ಬಿ-1 ಟ್ಯಾಂಕುಗಳು ಕವಚದ ದಪ್ಪದಲ್ಲಾಗಲಿ ತೋಪಿನ ಬಲದಲ್ಲಾಗಲಿ ಜರ್ಮನರವಕ್ಕೆ ಕಡಿಮೆಯಾಗಿರಲಿಲ್ಲ. ಆದರೆ ಅವುಗಳ ಗೋಪುರದಲ್ಲಿ ಒಬ್ಬನೇ ಮನುಷ್ಯ. ಸುತ್ತ ನೋಡುವವನು ಅವನೇ, ಗುಂಡು ತುಂಬುವವನು ಅವನೇ, ಗುರಿಯಿಟ್ಟು ಹೊಡೆಯುವವನೂ ಅವನೇ. ಜರ್ಮನರ ಮೂರನೆಯ ಮತ್ತು ನಾಲ್ಕನೆಯ ಮಾದರಿಯ ಟ್ಯಾಂಕುಗಳ ಗೋಪುರದಲ್ಲಿ ಈ ಮೂರು ಕೆಲಸಗಳಿಗೆ ಮೂವರು, ಮೇಲಾಗಿ ರೇಡಿಯೋ. ಫ್ರೆಂಚ್ ಕಮಾಂಡರನು ಬಗ್ಗಿ ಗುಂಡು ತುಂಬುವಷ್ಟರಲ್ಲಿ ಯುದ್ಧಭೂಮಿ ಅವನ ಕಣ್ಣಿನಿಂದ ತಪ್ಪಿಹೋಗುತ್ತಿತ್ತು. ಫ್ರಾನ್ಸಿನ ಸೋಲಿಗೆ ಇದೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೂ ಮೂವರ ಕೆಲಸವನ್ನು ಒಬ್ಬನ ತಲೆಗೆ ಹೊರಿಸಬಾರದು, ಹಂಚಿದ ಕೆಲಸವನ್ನು ಮಾತಿನಿಂದ ಬೆಸೆಯಬೇಕು ಎಂಬುದು ಅಂದಿನಿಂದ ಟ್ಯಾಂಕು ಕಟ್ಟುವವರಿಗೂ ತರಬೇತಿ ಕೊಡುವವರಿಗೂ ಮೂಲಸೂತ್ರವಾಯಿತು.

ನಮ್ಮ ದೇಶದಲ್ಲಿ ಟ್ಯಾಂಕಿನ ವಿದ್ಯೆ ಕುದುರೆಯ ಲಾಯದಿಂದ ಬಂದದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಜೋಧಪುರದವರೊಂದಿಗೆ ಏರಿಹೋದ ಮೈಸೂರು ಲಾನ್ಸರ್ಸ್ ಅಶ್ವದಳವನ್ನು ಕನ್ನಡಿಗರು ಮರೆತಿಲ್ಲ. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಹೈಫಾದ ಆ ದಾಳಿ ಕುದುರೆಯ ಯುಗದ ಕೊನೆಯ ದೊಡ್ಡ ಸಾಹಸಗಳಲ್ಲೊಂದು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1938ರಲ್ಲಿ, ಭಾರತದ ಅಶ್ವದಳಗಳು ಕುದುರೆಗಳನ್ನು ಬಿಟ್ಟುಕೊಟ್ಟು ಯಂತ್ರಗಳನ್ನು ಹತ್ತತೊಡಗಿದವು. ಮೊದಲು ಹತ್ತಿದವರಲ್ಲಿ ಸಿಂಧ್ ಹಾರ್ಸ್ ದಳದವರು ಸೇರಿದ್ದರು. ಕುದುರೆ ಹೋದರೂ ಹೆಸರುಗಳು ಹೋಗಲಿಲ್ಲ. ಇಂದಿಗೂ ನಮ್ಮ ಟ್ಯಾಂಕ್ ದಳಗಳಲ್ಲಿ ಸಾಮಾನ್ಯ ಸೈನಿಕನು ‘ಸವಾರ’. ಅವನ ಮೇಲಿನವನು ‘ದಫೇದಾರ’. ಇನ್ನೂ ಮೇಲಿನವನು ‘ರಿಸಾಲ್ದಾರ’. ಹಳೆಯ ಮೈಸೂರಿನ ಕಚೇರಿಗಳನ್ನು ಕಂಡವರಿಗೆ ದಫೇದಾರನೆಂಬ ಮಾತು ಹೊಸದೇನಲ್ಲ.

ಕುದುರೆಗೂ ಟ್ಯಾಂಕಿಗೂ ಒಂದು ದೊಡ್ಡ ಅಂತರವುಂಟು. ಕುದುರೆಗೆ ತನ್ನದೇ ಆದ ಜೀವವಿದೆ, ಭಯವಿದೆ. ಹಳ್ಳ ಬಂದರೆ ತಾನೇ ತಡೆದು ನಿಲ್ಲುತ್ತದೆ. ಸವಾರನ ತೊಡೆಯ ಒತ್ತಡವನ್ನು ಅರಿಯುತ್ತದೆ. ಟ್ಯಾಂಕು ಹಳ್ಳವನ್ನು ಅರಿಯದು. ಒಬ್ಬ ಸವಾರ ಮತ್ತು ಒಂದು ಪ್ರಾಣಿಯ ನಡುವೆ ಇದ್ದ ಮೂಕ ಒಪ್ಪಂದವನ್ನು ಈಗ ನಾಲ್ವರು ಮನುಷ್ಯರ ನಡುವೆ ಮಾತಿನಲ್ಲಿ ಕಟ್ಟಬೇಕಾಯಿತು. ತರಬೇತಿಯೆಂದರೆ ಮುಖ್ಯವಾಗಿ ಈ ಕಟ್ಟುವಿಕೆಯೇ.

ಇದಕ್ಕೆ ನಮ್ಮಲ್ಲಿರುವ ಪ್ರಧಾನ ಕ್ಷೇತ್ರ ಮಹಾರಾಷ್ಟ್ರದ ಅಹಮದ್‌ನಗರ. ಈಗ ಅದು ಅಹಿಲ್ಯಾನಗರವೆಂದು ಹೆಸರಾಗಿದೆ. ಸಾಹಿತ್ಯಪ್ರಿಯರಿಗೆ ಆ ಊರಿನ ಕೋಟೆ ಪರಿಚಿತ. ಜವಾಹರಲಾಲ್ ನೆಹರೂ ಅವರು ಅಲ್ಲಿ ಸೆರೆಯಾಳಾಗಿದ್ದಾಗಲೇ, 1944ರಲ್ಲಿ, ‘ಡಿಸ್ಕವರಿ ಆಫ್ ಇಂಡಿಯಾ’ ಗ್ರಂಥವನ್ನು ಬರೆದರು. ಅದೇ ಊರಿನಲ್ಲಿ ಸ್ವಾತಂತ್ರ್ಯಾನಂತರ, 1948ರಲ್ಲಿ, ಹಿಂದಿನ ಬೇರೆ ಬೇರೆ ಶಾಲೆ ಡಿಪೋಗಳನ್ನು ಒಂದುಗೂಡಿಸಿ ಕವಚದಳದ ಕೇಂದ್ರ ಮತ್ತು ಶಾಲೆಯನ್ನು ಸ್ಥಾಪಿಸಲಾಯಿತು. ಹೊಸದಾಗಿ ಸೇರಿದ ಯುವಕರಿಗೂ ಅಧಿಕಾರಿಗಳಿಗೂ ಟ್ಯಾಂಕಿನ ವಿದ್ಯೆಯನ್ನು ಕಲಿಸುವ ಗುರುಕುಲ ಅದು.

ಕಲಿಕೆ ಹಂತಹಂತವಾಗಿ ಸಾಗುತ್ತದೆ. ಹೊಸಬನು ಮೊದಲು ಸೈನಿಕನಾಗಬೇಕು. ಆಮೇಲೆ ಚಾಲನೆ, ಗುರಿಗಾರಿಕೆ, ರೇಡಿಯೋ ಈ ಮೂರರಲ್ಲಿ ಒಂದು ಕಸುಬನ್ನು ಹಿಡಿಯಬೇಕು. ಚಾಲಕನಾಗುವವನು ಮೊದಲು ಮುಚ್ಚಳ ತೆರೆದು, ತಲೆ ಹೊರಗಿಟ್ಟು ಓಡಿಸುತ್ತಾನೆ. ಬಳಿಕ ಮುಚ್ಚಳ ಹಾಕುತ್ತಾರೆ. ಅಲ್ಲಿಂದಾಚೆಗೆ ಅವನು ನಂಬಬೇಕಾದದ್ದು ತನ್ನ ಕಣ್ಣನ್ನಲ್ಲ, ಕಿವಿಯಲ್ಲಿ ಕೇಳುವ ಕಮಾಂಡರನ ದನಿಯನ್ನು. ಎಡಕ್ಕೆ ಎಂದರೆ ಎಡಕ್ಕೆ. ನಿಲ್ಲು ಎಂದರೆ, ಯಾಕೆ ಎಂದು ಕೇಳದೆ, ಆ ಕ್ಷಣವೇ ನಿಲ್ಲಬೇಕು. ಗುರಿಕಾರನು ದೊಡ್ಡ ಗುಂಡಿಗೆ ಕೈಹಾಕುವ ಮೊದಲು, ತೋಪಿಗೆ ಅಳವಡಿಸಿದ ಚಿಕ್ಕ ಬಂದೂಕಿನಿಂದ ಪುಟ್ಟ ಗುರಿಗಳನ್ನು ಹೊಡೆದು ಪಳಗುವ ಪದ್ಧತಿ ಬಹುಕಾಲದಿಂದ ಇದೆ. ಒಂದೊಂದು ದೊಡ್ಡ ಗುಂಡಿನ ಬೆಲೆಯೂ ಹೆಚ್ಚು, ಅದು ತಪ್ಪಿದರೆ ಆಗುವ ಅನಾಹುತವೂ ಹೆಚ್ಚು. ಮದ್ರಾಸಿನ ಬಳಿಯ ಆವಡಿಯಲ್ಲಿ ತಯಾರಾಗುತ್ತಿದ್ದ ‘ವಿಜಯಂತ’ ಟ್ಯಾಂಕಿನ 105 ಮಿಲಿಮೀಟರ್ ತೋಪಿನ ಗುಂಡೊಂದು ಸುಮಾರು 20 ಕಿಲೋ ತೂಗುತ್ತಿತ್ತು. ಓಲಾಡುವ ಗೋಪುರದೊಳಗೆ, ಮೊಣಕೈ ಆಡಿಸಲೂ ಜಾಗವಿಲ್ಲದೆಡೆ ಲೋಡರನು ಅದನ್ನೆತ್ತಿ ತೋಪಿನ ಬಾಯಿಗೆ ತಳ್ಳಿ, ತಾನು ಪಕ್ಕಕ್ಕೆ ಸರಿಯಬೇಕು. ಗುಂಡು ಹಾರಿದಾಗ ತೋಪು ಸುಮಾರು ಒಂದು ಅಡಿಯಷ್ಟು ಹಿಂದಕ್ಕೆ ಜಿಗಿಯುತ್ತದೆ. ಆ ದಾರಿಯಲ್ಲಿ ಕೈಯೋ ಭುಜವೋ ಇದ್ದರೆ ಮತ್ತೆ ಹೇಳಬೇಕಾದ್ದಿಲ್ಲ.

ಆದ್ದರಿಂದ ಇಲ್ಲಿ ಪ್ರತಿಯೊಂದು ಕ್ರಿಯೆಗೂ ಒಂದು ಮಾತು, ಪ್ರತಿಯೊಂದು ಮಾತಿಗೂ ಒಂದು ಮರುಮಾತು ಉಂಟು. ಕಮಾಂಡರನು ಯಾವ ಗುಂಡು, ಎಂಥ ಗುರಿ, ಯಾವ ದಿಕ್ಕು, ಎಷ್ಟು ದೂರ ಎಂಬುದನ್ನು ಗೊತ್ತಾದ ಅನುಕ್ರಮದಲ್ಲಿ ಹೇಳುತ್ತಾನೆ. ಗುರಿ ಸಿಕ್ಕಿತೆಂದು ಗುರಿಕಾರ ಹೇಳುತ್ತಾನೆ. ತುಂಬಿತೆಂದು ಲೋಡರ್ ಹೇಳುತ್ತಾನೆ. ತಾನು ಸರಿದು ನಿಂತಿದ್ದೇನೆ ಎಂಬುದೂ ಆ ಒಂದು ಮಾತಿನಲ್ಲೇ ಅಡಗಿದೆ. ಆಮೇಲೆ ಆಜ್ಞೆ, ಆಮೇಲೆ, ಹೊಡೆಯುತ್ತಿದ್ದೇನೆಂಬ ಎಚ್ಚರಿಕೆ. ಇಷ್ಟೂ ಕೆಲವೇ ಕ್ಷಣಗಳಲ್ಲಿ ಮುಗಿಯಬೇಕು. ಒಂದು ಮಾತು ಹೆಚ್ಚಾದರೂ ಶತ್ರುವಿನ ಗುಂಡು ಮೊದಲು ಬಂದೀತು. ಒಂದು ಮಾತು ಕಡಿಮೆಯಾದರೂ ತಮ್ಮವನೇ ಒಬ್ಬ ಕೈ ಕಳೆದುಕೊಂಡಾನು. ಕಾವ್ಯದಲ್ಲಿ ಶ್ಲೇಷೆ ಅಲಂಕಾರವೆನಿಸುತ್ತದೆ; ಒಂದು ಶಬ್ದ ಎರಡು ಅರ್ಥ ಕೊಟ್ಟರೆ ರಸಿಕರು ತಲೆದೂಗುತ್ತಾರೆ. ಟ್ಯಾಂಕಿನೊಳಗೆ ಅದು ಅಪಮೃತ್ಯು. ಅಲ್ಲಿ ಒಂದು ಶಬ್ದಕ್ಕೆ ಒಂದೇ ಅರ್ಥ. ಆ ಅರ್ಥವೂ ಬುದ್ಧಿಯ ಮೂಲಕ ಹಾಯದೆ ನೇರವಾಗಿ ಕೈಗೆ ಇಳಿಯಬೇಕು. ಇದಕ್ಕಾಗಿಯೇ ಅದೇ ಪಾಠವನ್ನು ನೂರು ಸಲ, ಸಾವಿರ ಸಲ ಮಾಡಿಸುತ್ತಾರೆ. ಹಾಡುತ್ತ ಹಾಡುತ್ತ ರಾಗ ಎಂದು ನಮ್ಮವರು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ನಮ್ಮ ಸೈನ್ಯದ ಟ್ಯಾಂಕುಗಳ ಹೆಸರುಗಳನ್ನು ಗಮನಿಸಿ: ವಿಜಯಂತ, ಅಜೇಯ, ಭೀಷ್ಮ, ಅರ್ಜುನ. ಕೊನೆಯ ಎರಡು ಮಹಾಭಾರತದ ರಥಿಕರವು. ಸಾರಥಿಗಳ ಹೆಸರು ಈ ಸಾಲಿನಲ್ಲಿಲ್ಲ. ಆದರೆ ಕನ್ನಡದಲ್ಲಿ ಪಂಪನಿಂದ ಕುಮಾರವ್ಯಾಸನವರೆಗೆ, ಅಲ್ಲಿಂದ ಯಕ್ಷಗಾನದ ರಂಗಸ್ಥಳದವರೆಗೆ ಭಾರತದ ಕತೆಯನ್ನು ಕೇಳಿ ಬೆಳೆದ ನಮಗೆ ರಥಿಕ ಸಾರಥಿಯರ ಸಂಬಂಧದ ಮರ್ಮ ತಿಳಿಯದ್ದಲ್ಲ. ಕರ್ಣನ ಕೊನೆಯ ಯುದ್ಧವನ್ನು ನೆನೆಯಿರಿ. ರಥಿಕನು ಅಸಾಮಾನ್ಯ, ಸಾರಥಿಯಾದ ಶಲ್ಯನೂ ಅಸಾಮಾನ್ಯ. ಆದರೆ ಶಲ್ಯನು ರಥವೇರಿದ್ದೇ ತನ್ನಿಷ್ಟ ಬಂದಂತೆ ಆಡುವೆನೆಂಬ ಷರತ್ತಿನ ಮೇಲೆ. ಏರಿದ ಮೇಲೆ ಮಾಡಿದ್ದು ಹೀಯಾಳಿಕೆ. ಸರ್ಪಾಸ್ತ್ರವನ್ನು ಅರ್ಜುನನ ಕೊರಳಿಗೆ ಗುರಿಯಿಟ್ಟಾಗ, ಗುರಿ ಸರಿಯಿಲ್ಲ, ತಿದ್ದಿಕೋ ಎಂದು ಅವನೇ ಹೇಳಿದ. ಸಲಹೆ ಸರಿಯಾಗಿತ್ತು. ಆದರೆ ಅಷ್ಟು ಹೊತ್ತಿನ ಕಟುನುಡಿಯ ನಂತರ ಆ ಸಲಹೆಯನ್ನು ನಂಬುವ ಸ್ಥಿತಿಯಲ್ಲಿ ಕರ್ಣನಿರಲಿಲ್ಲ. ತೊಟ್ಟ ಬಾಣವನ್ನು ಮತ್ತೆ ತೊಡೆನೆಂಬ ಅಭಿಮಾನ ಬೇರೆ. ಅತ್ತ ಎದುರಿನ ರಥದಲ್ಲಿ ಕೃಷ್ಣನು ರಥವನ್ನೇ ನೆಲಕ್ಕೆ ಅದುಮಿದ. ಬಾಣ ಅರ್ಜುನನ ಕಿರೀಟವನ್ನಷ್ಟೇ ಹಾರಿಸಿತು. ಸಾರಥಿಯು ರಥಿಕನನ್ನು ಉಳಿಸಿದ ಬಗೆ ಅದು. ಟ್ಯಾಂಕಿನ ಒಳ್ಳೆಯ ಚಾಲಕನು ಇಂದಿಗೂ ಮಾಡಬೇಕಾದ ಕೆಲಸ ಅದೇ. ದಿಣ್ಣೆಯ ಹಿಂದೆ ವಾಹನದ ಒಡಲನ್ನು ಅಡಗಿಸಿ, ತೋಪು ಮಾತ್ರ ಮೇಲೆ ಕಾಣುವಂತೆ ನಿಲ್ಲಿಸುವುದು ಅವನ ವಿದ್ಯೆಯ ಮುಖ್ಯ ಪಾಠ. ಶಲ್ಯಸಾರಥ್ಯವೆಂಬ ಮಾತು ಕನ್ನಡದಲ್ಲಿ ಗಾದೆಯಂತಾಗಿದೆ. ಟ್ಯಾಂಕಿನ ತರಬೇತಿಯ ಗುರಿಯನ್ನು ಒಂದು ಮಾತಿನಲ್ಲಿ ಹೇಳಬೇಕಾದರೆ, ಶಲ್ಯಸಾರಥ್ಯವನ್ನು ತಪ್ಪಿಸುವುದು ಎಂದೇ ಹೇಳಬೇಕು.

ವಿರಾಟಪರ್ವದಲ್ಲಿ ಇನ್ನೊಂದು ಪಾಠವಿದೆ. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಾವು ನಗುತ್ತೇವೆ. ಆದರೆ ಓಡಿಹೋಗುತ್ತಿದ್ದ ಆ ಹುಡುಗನನ್ನು ಬೃಹನ್ನಳೆ ಹಿಡಿದು ತಂದು ಏನು ಮಾಡಿದಳು? ಬಿಲ್ಲನ್ನು ತಾನು ತೆಗೆದುಕೊಂಡು, ಕಡಿವಾಣವನ್ನು ಅವನಿಗೆ ಕೊಟ್ಟಳು. ಒಂದೇ ರಥದಲ್ಲಿ ಸಾರಥಿ ರಥಿಕನಾದ, ರಥಿಕನಾಗಬೇಕಿದ್ದವನು ಸಾರಥಿಯಾದ. ರಥ ಮುಂದೆ ಹೋಯಿತು. ಟ್ಯಾಂಕಿನ ತಂಡದಲ್ಲಿಯೂ ಪ್ರತಿಯೊಬ್ಬನು ತನ್ನ ಕಸುಬಿನೊಂದಿಗೆ ಇನ್ನೊಬ್ಬನ ಕಸುಬನ್ನೂ ಕಲಿಯಬೇಕು. ಗುರಿಕಾರನು ಬಿದ್ದರೆ ಅವನ ಆಸನಕ್ಕೆ ಇನ್ನೊಬ್ಬನು ಸರಿಯಬೇಕು. ಇದರಿಂದ ಇನ್ನೊಂದು ಲಾಭವೂ ಉಂಟು. ಇನ್ನೊಬ್ಬನ ಆಸನದಲ್ಲಿ ಕುಳಿತು ನೋಡಿದವನಿಗೆ ಅವನ ಕಷ್ಟ ತಿಳಿಯುತ್ತದೆ. ಚಾಲಕನಿಗೆ ಎಷ್ಟು ಕಡಿಮೆ ಕಾಣುತ್ತದೆಂಬುದನ್ನು ಅನುಭವಿಸಿದ ಕಮಾಂಡರನು ಅವನನ್ನು ಗದರಿಸುವ ಬದಲು ದಾರಿ ಹೇಳುತ್ತಾನೆ.

ಇಷ್ಟೆಲ್ಲ ಪಾಠದಿಂದ ರಣರಂಗದಲ್ಲಿ ನಿಜಕ್ಕೂ ವ್ಯತ್ಯಾಸವಾಗುತ್ತದೆಯೆ ಎಂದು ಕೇಳಬಹುದು. 1965ರ ಯುದ್ಧದತ್ತ ನೋಡೋಣ. ಅಂದು ಪಾಕಿಸ್ತಾನದ ಬಳಿ ಅಮೆರಿಕೆಯಿಂದ ಬಂದ ಪ್ಯಾಟನ್ ಟ್ಯಾಂಕುಗಳಿದ್ದವು. ಪಂಜಾಬಿನ ಖೇಮ್‌ಕರಣದ ಸಮೀಪದ ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಸೆಪ್ಟೆಂಬರ್ 8ರಿಂದ 10ರವರೆಗೆ ನಡೆದ ಕಾಳಗದಲ್ಲಿ, ಭಾರತದ ಲೆಕ್ಕದ ಪ್ರಕಾರ, ಅವರ 97 ಟ್ಯಾಂಕುಗಳು ನಾಶವಾದವು ಇಲ್ಲವೆ ಸೆರೆಸಿಕ್ಕವು. ಎದುರಿಗಿದ್ದ ನಮ್ಮ ದಳಗಳಲ್ಲಿ ಡೆಕ್ಕನ್ ಹಾರ್ಸ್‌ನವರದು ಎರಡನೆಯ ಮಹಾಯುದ್ಧದ ಕಾಲದ ಷರ್ಮನ್ ಟ್ಯಾಂಕುಗಳು. ಮೂರನೆಯ ಕ್ಯಾವಲ್ರಿಯವರದು ಸೆಂಚುರಿಯನ್‌ಗಳು. ಈ ಗೆಲುವಿಗೆ ಕಾರಣಗಳು ಹಲವು. ಕಾಲುವೆಯ ನೀರು ಹರಿಸಿ ನೆಲವನ್ನು ಕೆಸರು ಮಾಡಲಾಗಿತ್ತು. ಆಳೆತ್ತರದ ಕಬ್ಬಿನ ಗದ್ದೆಗಳ ಮರೆಯಲ್ಲಿ ನಮ್ಮ ಟ್ಯಾಂಕುಗಳು ಕುದುರೆಲಾಳದ ಆಕಾರದಲ್ಲಿ ಕಾದಿದ್ದವು. ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಅಬ್ದುಲ್ ಹಮೀದರಂಥವರು ಜೀಪಿನ ಮೇಲಿನ ತೋಪಿನಿಂದಲೇ ಪ್ಯಾಟನ್‌ಗಳನ್ನು ಎದುರಿಸಿ ಪ್ರಾಣ ತೆತ್ತರು. ಇವುಗಳ ಜೊತೆಗೆ ಯುದ್ಧ ವಿಶ್ಲೇಷಕರು ಎತ್ತಿ ಹೇಳುವ ಮಾತೊಂದುಂಟು. ಪ್ಯಾಟನ್ನಿನ ದೂರಮಾಪಕ ಬಹು ಜಟಿಲವಾದದ್ದು. ಎರಡು ಕಣ್ಣುಗಳ ನೋಟವನ್ನು ಕೂಡಿಸಿ ದೂರವನ್ನು ಅಳೆಯುವ ಆ ಉಪಕರಣಕ್ಕೆ ದೀರ್ಘವಾದ ಅಭ್ಯಾಸ ಬೇಕು. ಅಭ್ಯಾಸ ಸಾಲದವನ ಕೈಯಲ್ಲಿ ಅದು ಸಹಾಯಕ್ಕಿಂತ ಹೊರೆಯೇ. ಸರಳವಾದ ಯಂತ್ರವನ್ನು ಪೂರ್ತಿಯಾಗಿ ಬಲ್ಲವನು, ಜಟಿಲವಾದ ಯಂತ್ರವನ್ನು ಅರ್ಧ ಬಲ್ಲವನಿಗಿಂತ ಬೇಗ ಹೊಡೆಯುತ್ತಾನೆ.

ಹಾಗೆಂದು ಎದುರಾಳಿಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅದೇ ಸೆಪ್ಟೆಂಬರ್ 8ರಂದು ಸಿಯಾಲ್‌ಕೋಟ್ ಕಡೆಯ ಗಡಗೋರ್ ಎಂಬಲ್ಲಿ ಪಾಕಿಸ್ತಾನದ 25ನೆಯ ಕ್ಯಾವಲ್ರಿ ದಳ, ಅದೇ ಪ್ಯಾಟನ್ ಟ್ಯಾಂಕುಗಳಿಂದ, ಮುನ್ನುಗ್ಗುತ್ತಿದ್ದ ನಮ್ಮ ಕವಚಪಡೆಯನ್ನು ತಡೆದು ನಿಲ್ಲಿಸಿತು. ಯಂತ್ರ ಒಂದೇ, ಒಂದೆಡೆ ಅದರ ಅವಶೇಷಗಳು ಸಾಲುಗಟ್ಟಿದವು, ಇನ್ನೊಂದೆಡೆ ಅದು ಗೋಡೆಯಂತೆ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸೋತಾಗ ಟ್ಯಾಂಕನ್ನು ದೂರುವುದೂ ಗೆದ್ದಾಗ ಟ್ಯಾಂಕನ್ನು ಹೊಗಳುವುದೂ ಸುಲಭ. ನೋಡಬೇಕಾದದ್ದು ಅದರೊಳಗಿನ ಮನುಷ್ಯರನ್ನು, ಅವರನ್ನು ನಡೆಸಿದವರನ್ನು.

ಯುದ್ಧವಿಲ್ಲದ ಕಾಲದಲ್ಲಿಯೂ ಈ ವಿದ್ಯೆ ಪುಕ್ಕಟೆಯಾಗಿ ಬರುವುದಿಲ್ಲ. ರಾಜಸ್ಥಾನದ ಮರಳುಗಾಡಿನ ಗುಂಡುಹಾರಿಸುವ ಮೈದಾನಗಳಲ್ಲಿ ಬೇಸಗೆಯ ಮಧ್ಯಾಹ್ನ ಹೊರಗಿನ ಬಿಸಿಲೇ ತಾಳಲಾರದ್ದು. ಮುಚ್ಚಿದ ಉಕ್ಕಿನೊಳಗಿನ ಸೆಕೆ ಅದಕ್ಕೂ ಹೆಚ್ಚು. ಅದಕ್ಕಿಂತ ದೊಡ್ಡ ಬೆಲೆಯನ್ನೂ ಕೆಲವೊಮ್ಮೆ ತೆರಬೇಕಾಗುತ್ತದೆ. 2022ರ ಅಕ್ಟೋಬರ್ 6ರಂದು ಝಾನ್ಸಿಯ ಬಳಿಯ ಬಬೀನಾದಲ್ಲಿ ಅಭ್ಯಾಸದ ವೇಳೆ ಟಿ-90 ಟ್ಯಾಂಕೊಂದರ ತೋಪಿನ ನಳಿಗೆ ಸಿಡಿದು ಇಬ್ಬರು ಸತ್ತರು. 2024ರ ಜೂನ್ 28ರ ನಸುಕಿನಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿ ಕಡೆಯಲ್ಲಿ, ಅಭ್ಯಾಸದ ಅಂಗವಾಗಿ ಶ್ಯೋಕ್ ನದಿಯನ್ನು ದಾಟುತ್ತಿದ್ದ ಟಿ-72 ಟ್ಯಾಂಕು ಹಠಾತ್ತನೆ ಏರಿದ ನೀರಿಗೆ ಸಿಕ್ಕಿ ಐವರು ಯೋಧರು ಪ್ರಾಣ ಕಳೆದುಕೊಂಡರು. ಟ್ಯಾಂಕಿನ ತಂಡಗಳಿಗೆ ನೀರಿನಲ್ಲಿ ಮುಳುಗಿದ ವಾಹನದಿಂದ ಉಸಿರಾಟದ ಸಾಧನ ತೊಟ್ಟು ಹೊರಬರುವುದನ್ನು ಕಲಿಸುವ ಪಾಠವೂ ಇದೆ. ಆದರೆ ಪಾಠ ಕಲಿಸುವ ನೀರು ಒಂದು, ಹಿಮ ಕರಗಿ ರಾತ್ರಿಯಲ್ಲಿ ನುಗ್ಗುವ ಹೊಳೆ ಇನ್ನೊಂದು. ಇಂಥ ಸುದ್ದಿ ಪತ್ರಿಕೆಯ ಒಂದು ಮೂಲೆಯಲ್ಲಿ ಬಂದು ಮರುದಿನ ಮರೆಯಾಗುತ್ತದೆ. ರಣರಂಗದ ಸಾವಿಗೆ ದೊರೆಯುವ ಕೀರ್ತಿ ಅಭ್ಯಾಸರಂಗದ ಸಾವಿಗೆ ದೊರೆಯುವುದಿಲ್ಲ. ಆದರೂ ಇಬ್ಬರೂ ಸತ್ತದ್ದು ಒಂದೇ ಕೆಲಸದಲ್ಲಿ.

ಅಪಾಯವನ್ನೂ ಖರ್ಚನ್ನೂ ತಗ್ಗಿಸಲು ಈಗ ಹೊಸ ಸಾಧನಗಳು ಬಂದಿವೆ. ಕೋಣೆಯೊಂದರಲ್ಲಿ ಟ್ಯಾಂಕಿನ ಒಳಭಾಗದ ಪ್ರತಿರೂಪವನ್ನಿಟ್ಟು, ಪರದೆಯ ಮೇಲೆ ನೆಲವನ್ನೂ ಶತ್ರುವನ್ನೂ ತೋರಿಸಿ ಕಲಿಸುತ್ತಾರೆ. ಒಂದು ಹನಿ ಇಂಧನ ಸುಡದೆ, ಒಂದು ಗುಂಡು ವ್ಯಯವಾಗದೆ ನೂರು ಸಲ ತಪ್ಪು ಮಾಡಬಹುದು, ತಿದ್ದಿಕೊಳ್ಳಬಹುದು. ಇದು ದೊಡ್ಡ ಅನುಕೂಲವೇ. ಯಂತ್ರವೂ ಮನುಷ್ಯನ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಿದೆ. ಟಿ-72ರಲ್ಲಿ ಲೋಡರನಿಲ್ಲ; ತಳದಲ್ಲಿ ತಿರುಗುವ ಚಕ್ರವೊಂದು 22 ಗುಂಡುಗಳನ್ನು ಹೊತ್ತು, ಬೇಕಾದುದನ್ನು ತಾನೇ ಎತ್ತಿ ತುಂಬುತ್ತದೆ. ತಂಡ ಮೂವರಿಗೆ ಇಳಿಯಿತು. ನಮ್ಮಲ್ಲೇ ರೂಪುಗೊಂಡ ಅರ್ಜುನ ಟ್ಯಾಂಕಿನಲ್ಲಿ ಮಾತ್ರ ಲೋಡರನನ್ನು ಉಳಿಸಿಕೊಂಡಿದ್ದಾರೆ. ಮೂವರು ಮೇಲೋ ನಾಲ್ವರು ಮೇಲೋ ಎಂಬುದು ಬಲ್ಲವರ ನಡುವೆ ಇನ್ನೂ ಮುಗಿಯದ ಚರ್ಚೆ. ಗುಂಡು ತುಂಬುವುದನ್ನು ಚಕ್ರ ಮಾಡೀತು; ಆದರೆ ಕಳಚಿದ ಸರಪಳಿಯನ್ನು ಮತ್ತೆ ತೊಡಿಸುವಾಗ, ರಾತ್ರಿಯ ಕಾವಲು ಸರದಿಯಲ್ಲಿ, ತೋಪನ್ನು ಉಜ್ಜಿ ಶುಚಿಗೊಳಿಸುವಾಗ ಒಂದು ಜೊತೆ ಕೈ ಕಡಿಮೆಯಾದದ್ದು ಉಳಿದ ಮೂವರಿಗೆ ತಿಳಿಯುತ್ತದೆ. ತಂಡವು ತಂಡವಾಗುವುದು ಬಹುಮಟ್ಟಿಗೆ ಇಂಥ ಬೇಸರದ ಕೆಲಸಗಳಲ್ಲಿಯೇ. ಒಂದೇ ಪಾತ್ರೆಯಲ್ಲಿ ಚಹಾ ಕಾಯಿಸಿ ಹಂಚಿಕೊಂಡವರು ಒಬ್ಬರ ದನಿಯಲ್ಲಿನ ಅಳುಕನ್ನು ಇನ್ನೊಬ್ಬರು ಬೇಗ ಗುರುತಿಸುತ್ತಾರೆ.

ಕೊನೆಯದಾಗಿ, ತರಬೇತಿಯ ಎಲ್ಲೆ ಯಾವುದು ಎಂಬ ಪ್ರಶ್ನೆ. ಎರಡನೆಯ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ 1971ರ ಜೂನ್ ತಿಂಗಳಲ್ಲಿ ಪೂನಾ ಹಾರ್ಸ್ ದಳಕ್ಕೆ ಸೇರಿದ ತರುಣ. ಅಹಮದ್‌ನಗರದಲ್ಲಿ ಯುವ ಅಧಿಕಾರಿಗಳ ಶಿಕ್ಷಣ ಪಡೆಯುತ್ತಿದ್ದಾಗಲೇ ಯುದ್ಧದ ಕರೆ ಬಂದು, ಕಲಿಕೆಯನ್ನು ನಡುವೆಯೇ ಬಿಟ್ಟು ಹೊರಟರು. ಡಿಸೆಂಬರ್ 16ರಂದು ಶಕರ್‌ಗಢ ಕಡೆಯ ಬಸಂತರ್ ನದಿಯ ಕಾಳಗದಲ್ಲಿ ಅವರ ಸೆಂಚುರಿಯನ್ ಟ್ಯಾಂಕಿಗೆ ಗುಂಡು ತಾಕಿ ಬೆಂಕಿ ಹತ್ತಿತು. ಹೊರಗೆ ಬರುವಂತೆ ರೇಡಿಯೋದಲ್ಲಿ ಆಜ್ಞೆಯಾಯಿತು. ತಮ್ಮ ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ತಿಳಿಸಿ ಅವರು ಹೋರಾಟ ಮುಂದುವರಿಸಿದರು, ಅಲ್ಲಿಯೇ ಮಡಿದರು. ಆಗ ಅವರಿಗೆ 21 ವರ್ಷ. ರಾಷ್ಟ್ರ ಪರಮವೀರಚಕ್ರವನ್ನಿತ್ತು ಗೌರವಿಸಿತು. ‘ಫಾಮಗುಸ್ತಾ’ ಎಂಬ ಹೆಸರಿನ ಆ ಟ್ಯಾಂಕನ್ನು, ಅವರು ಕಲಿಕೆಯನ್ನು ಅರ್ಧಕ್ಕೆ ಬಿಟ್ಟು ಹೋದ ಅದೇ ಅಹಮದ್‌ನಗರದ ಶಾಲೆಯಲ್ಲಿ ಕಾದಿರಿಸಿದ್ದಾರೆ. ಇಂದು ಅಲ್ಲಿ ಕಲಿಯುವ ಹುಡುಗರು ಅದನ್ನು ನೋಡುತ್ತಾರೆ.

ಪಾಠ ಪೂರ್ತಿಯಾಗದವರು ಇಷ್ಟು ಮಾಡಿದರಲ್ಲ, ಹಾಗಾದರೆ ಪಾಠದ ಅಗತ್ಯವೇನು ಎಂದು ಯಾರಾದರೂ ಕೇಳಿಯಾರು. ಧೈರ್ಯವನ್ನು ಯಾವ ಶಾಲೆಯೂ ಕೊಡಲಾರದು ಎಂಬುದು ನಿಜ. ಆದರೆ ಆ ದಿನ ಆ ಟ್ಯಾಂಕಿನಲ್ಲಿ ನಡೆಸುವವನಿದ್ದ, ತುಂಬುವವನಿದ್ದ, ಗುರಿಯಿಡುವವನಿದ್ದ. ಕಮಾಂಡರನೊಬ್ಬನ ನಿರ್ಧಾರ ತೋಪಿನ ಬಾಯಿಯವರೆಗೆ ತಲುಪಬೇಕಾದರೆ ಅದು ಇಷ್ಟು ಜನರ ಕೈಗಳನ್ನು ದಾಟಿ ಹೋಗಬೇಕು. ಆ ಕೈಗಳು ನಡುಗದಂತೆ ಮಾಡಿದ್ದು ಅಭ್ಯಾಸ. ಧೈರ್ಯ ಮನುಷ್ಯನದು, ಅದಕ್ಕೆ ಕೈಕಾಲು ಕೊಡುವುದು ತರಬೇತಿ. ಯಾವಾಗ ಟ್ಯಾಂಕನ್ನು ಬಿಡಬೇಕು, ಯಾವಾಗ ಬಿಡಬಾರದು ಎಂಬ ವಿವೇಕ ಮಾತ್ರ ಯಾವ ಆಜ್ಞಾವಳಿಯಲ್ಲಿಯೂ ಪೂರ್ತಿ ಅಡಗದು.

ತರಬೇತಿ ಕಲಿಸದ ಇನ್ನೊಂದು ಸಂಗತಿಯೂ ಇದೆ. ಟ್ಯಾಂಕಿನ ಪರಿಭಾಷೆಯಲ್ಲಿ ಎದುರಿಗಿರುವುದು ‘ಗುರಿ’. ಹಾಗೆ ಕರೆಯದಿದ್ದರೆ ಕೆಲಸ ಸಾಗದು. ಅದರೊಳಗೂ ಒಬ್ಬ ಚಾಲಕ, ಒಬ್ಬ ಗುರಿಕಾರ, ಒಬ್ಬ ಕಮಾಂಡರ್ ಇದ್ದಾರೆಂದು, ಅವರೂ ಇದೇ ಬಗೆಯ ಮಾತುಗಳನ್ನು ಇದೇ ಅನುಕ್ರಮದಲ್ಲಿ ಆಡುತ್ತಿದ್ದಾರೆಂದು ಆ ಕ್ಷಣದಲ್ಲಿ ನೆನೆಯುವವನು ಬದುಕಲಾರ. ಆದರೆ ಕ್ಷಣ ಕಳೆದ ಮೇಲೆ ನೆನಪು ಮರಳುತ್ತದೆ. 2001ರಲ್ಲಿ ಅರುಣ್ ಖೇತ್ರಪಾಲರ ವೃದ್ಧ ತಂದೆ, ತಾವೂ ನಿವೃತ್ತ ಸೇನಾಧಿಕಾರಿ, ತಮ್ಮ ಹುಟ್ಟೂರಾದ ಸರ್ಗೋಧಾವನ್ನು ಕಾಣಲೆಂದು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಆದರದಿಂದ ಉಪಚರಿಸಿದ ಬ್ರಿಗೇಡಿಯರ್ ನಾಸೆರ್ ಅವರು, ಹೊರಡುವ ಮುನ್ನ, ಆ ದಿನ ನಿಮ್ಮ ಮಗನ ಎದುರಿಗಿದ್ದವನು ನಾನೇ ಎಂದು ತಿಳಿಸಿದರು. ಆ ತರುಣನ ಶೌರ್ಯವನ್ನು ಕೊಂಡಾಡಿದರು. ಮೂವತ್ತು ವರ್ಷಗಳ ಕಾಲ ಆ ಮಾತು ಅವರೊಳಗೆ ಉಳಿದಿತ್ತು.

ದೇಶಕ್ಕೆ ಟ್ಯಾಂಕುಗಳು ಬೇಕು. ಅವುಗಳನ್ನು ನಡೆಸಬಲ್ಲ ತಂಡಗಳೂ ಬೇಕು. ಚೆನ್ನಾಗಿ ಕಲಿತ ತಂಡ ಹೆಚ್ಚು ಗೆಲ್ಲುತ್ತದೆ, ಕಡಿಮೆ ಸಾಯುತ್ತದೆ. ಆದ್ದರಿಂದ ಆ ಕಲಿಕೆಗೆ ವೆಚ್ಚವಾಗುವ ಹಣವೂ ಕಾಲವೂ ದಂಡವಲ್ಲ. ನಾವು, ಹೊರಗಿನವರು, ಮಾಡಬಹುದಾದದ್ದು ಸ್ವಲ್ಪವೇ. ಮುಂದಿನ ಸಲ ಆ ಉಕ್ಕಿನ ರಥ ನಮ್ಮ ಕಣ್ಣ ಮುಂದೆ ಹಾದುಹೋದಾಗ, ತೋಪಿನ ಉದ್ದವನ್ನು ಅಳೆಯುವುದರ ಜೊತೆಗೆ, ಕತ್ತಲಲ್ಲಿ ಕುಳಿತು ಒಬ್ಬರ ದನಿಗೊಬ್ಬರು ಕಿವಿಗೊಟ್ಟಿರುವವರನ್ನು ನೆನೆಯುವುದು. ಎದುರು ದಿಕ್ಕಿನಿಂದ ಬರುವ ರಥದಲ್ಲಿಯೂ ಅಂಥವರೇ ಇರುತ್ತಾರೆಂಬುದನ್ನು, ಶಾಂತಿಯ ಕಾಲದಲ್ಲಾದರೂ, ಮರೆಯದಿರುವುದು.